ತುಂಬೆ ಗುಂಪು

ಈ ಸಲ ಶಾಲೆ ಶುರುವಾದ ವಾರ ಕಾರ್ಕಳದಲ್ಲಿ ನಮಗೆ, ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ, ಒಂದು ತರಬೇತಿ ಇತ್ತು. ಹೊರಗೆ ಮಳೆ ಹೊಯ್ಯುತ್ತಿತ್ತು. ತಗಡಿನ ಮಾಡಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ ಮೈಕಿನಲ್ಲಿ ಮಾತಾಡುತ್ತಿದ್ದವರ ಅರ್ಧ ಮಾತು ಕಿವಿಗೆ ಬೀಳುತ್ತಲೇ ಇರಲಿಲ್ಲ. ಉಳಿದರ್ಧವೂ ಬೀಳದಿದ್ದರೆ ಚೆನ್ನಾಗಿತ್ತು.

"ವರ್ಷದ ಮೊದಲಿಗೇ ಮಕ್ಕಳ ಮಟ್ಟ ನೋಡಿ ತರಗತಿಯಲ್ಲಿ ಮೂರು ಗುಂಪು ಮಾಡಿಬಿಡಿ," ಎಂದರು ಅವರು. "ಗುಂಪಿಗೆ ಒಂದು, ಎರಡು, ಮೂರು ಅಂತ ಹೇಳಬೇಡಿ. ಹಣ್ಣಿನ ಹೆಸರಿಡಿ, ಹೂವಿನ ಹೆಸರಿಡಿ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ."

ನಾನು ಎದ್ದು ನಿಂತೆ. "ಸರ್, ಮಧ್ಯಾಹ್ನದ ಊಟದ ಗಂಟೆ ಹೊಡೆಯುವುದರೊಳಗೆ ಗೊತ್ತಾಗುತ್ತದೆ," ಎಂದೆ.

ಅವರು ನಕ್ಕರು. "ಮೇಡಂಗೆ ಅನುಭವ ಉಂಟು ಅಂತ ಕಾಣುತ್ತದೆ. ಚಹಾ ಕುಡಿಯುವಾಗ ಮಾತಾಡುವ."

ಚಹಾ ಬಂತು, ಜೊತೆಗೆ ಗೋಳಿಬಜೆ ಬಂತು, ಅವರು ಬರಲಿಲ್ಲ. ಹೌದು, ನನಗೆ ಅನುಭವ ಉಂಟು. ನಂದಿಕೂರಿನ ಆಚೆಯ ಒಂದು ಸರಕಾರಿ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದ ಒಂದೇ ಒಂದು ವರ್ಷದ ಅನುಭವ. ಖಾಯಂ ಕೆಲಸ ಸಿಕ್ಕಿ, ಬೇರೆ ಊರಿಗೆ ಬಂದು, ಮದುವೆಯಾಗಿ ಎಲ್ಲ ಆದ ಮೇಲೂ ಆ ವರ್ಷದ ಸಿಟ್ಟು ನನ್ನಲ್ಲಿ ತಣ್ಣಗಾಗಿಲ್ಲ. ತರಬೇತಿಯಲ್ಲಿ ಮಾತಾಡಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಶಂಕರಪುರದ ಹತ್ತಿರ. ಕೊಂಕಣಿ ಮಾತಾಡುವ ಕ್ರೈಸ್ತರು ನಾವು. ಅಂಗಳದ ತುಂಬ ಮಲ್ಲಿಗೆ ಗಿಡ. ಬೆಳಿಗ್ಗೆ ಅಮ್ಮನ ಜೊತೆ ಮೊಗ್ಗು ಕೊಯ್ದು, ಕಟ್ಟುವುದನ್ನು ಅವಳಿಗೆ ಬಿಟ್ಟು, ಕಟಪಾಡಿಯಲ್ಲಿ ಒಂದು ಬಸ್ಸು, ಪಡುಬಿದ್ರಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಶಾಲೆ ತಲುಪುತ್ತಿದ್ದೆ. ನನಗೆ ಕೊಟ್ಟದ್ದು ನಾಲ್ಕನೇ ಕ್ಲಾಸು. ಊರಿನ ತುಳು ಮಾತಾಡುವ ಮಕ್ಕಳು ಹೆಚ್ಚು, ಕೆಲವರು ಬ್ಯಾರಿ ಮಾತಾಡುವ ಮುಸ್ಲಿಮರ ಮನೆಯವರು, ಮತ್ತೆ ಕೊಪ್ಪಳ, ಕುಷ್ಟಗಿ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು. ಹಿಂದಿನ ವರ್ಷದಿಂದಲೇ ಅಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಕೆಲಸದವರ ತಗಡಿನ ಶೆಡ್ಡುಗಳು ಶಾಲೆಯ ಹಿಂದಿನ ಗುಡ್ಡದ ಬುಡದಲ್ಲೇ ಇದ್ದವು. ಅವರನ್ನೆಲ್ಲ ನಮ್ಮಲ್ಲಿ ಒಟ್ಟಾಗಿ 'ಘಟ್ಟದವರು' ಎನ್ನುತ್ತಾರೆ. ಘಟ್ಟ ಹತ್ತಿದ ಮೇಲೆ ಎಷ್ಟು ಊರುಗಳಿವೆ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಹೆಡ್‌ಮಾಸ್ಟ್ರು ಸದಾಶಿವ ಸರ್. ಕೆಟ್ಟವರು ಅಂತ ಹೇಳಿ ಮುಗಿಸುವ ಹಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ರಜೆಯ ದಿನವೂ ಬಂದು ಶಾಲೆಯ ಹಂಚು ಸರಿಮಾಡಿಸುತ್ತಿದ್ದರು. ಚಪ್ಪಲಿ ಇಲ್ಲದ ಮಗುವಿಗೆ ಚಪ್ಪಲಿ ತಂದುಕೊಡುತ್ತಿದ್ದರು. ಖಾಸಗಿ ಶಾಲೆಯ ಹಳದಿ ಬಸ್ಸು ಊರೊಳಗೆ ಬರಲು ಶುರುವಾದ ಮೇಲೆ ತನ್ನ ಶಾಲೆ ಮುಚ್ಚಿಹೋದೀತು ಎಂಬ ಭಯ ಅವರಿಗೆ ಹಗಲೂ ರಾತ್ರಿ ಇತ್ತು. ಆ ಭಯದಿಂದಲೇ ಹುಟ್ಟಿದ್ದು ಗುಂಪಿನ ಯೋಚನೆ. ಊರಿನ ಪೋಷಕರಿಗೆ ತಮ್ಮ ಮಕ್ಕಳು ಮುಂದೆ ಹೋಗುತ್ತಿರುವುದು ಕಾಣಬೇಕು; ಹಿಂದುಳಿದವರಿಗಾಗಿ ಕಾಯುತ್ತಾ ಕೂತರೆ ಅವರು ಹಳದಿ ಬಸ್ಸಿಗೆ ಹತ್ತಿಸುತ್ತಾರೆ.

ಜೂನಿನ ಎರಡನೇ ವಾರ ಅವರೇ ಕ್ಲಾಸಿಗೆ ಬಂದು ಒಬ್ಬೊಬ್ಬರನ್ನೇ ಕರೆದು ಓದಿಸಿದರು. ಒಂದೇ ಪುಟ ಎಲ್ಲರಿಗೂ. "ರೈತನು ಬೆಳಗಾಗುವ ಮೊದಲೇ ಹೊಲಕ್ಕೆ ಹೋಗುತ್ತಾನೆ. ಎತ್ತುಗಳಿಗೆ ನೀರು ಕುಡಿಸುತ್ತಾನೆ" ಎಂದು ಶುರುವಾಗುವ ಪುಟ.

ಮೊದಲು ಓದಿದ್ದು ಸಾನ್ವಿ. ಊರಿನ ಹುಡುಗಿ, ಎರಡು ಜಡೆ, ತುಂಬ ಚುರುಕು. ಅವಳ ತಾಯಿ ಶಾಲಿನಿ ಶಾಲಾಭಿವೃದ್ಧಿ ಸಮಿತಿಯಲ್ಲಿದ್ದರು. ಸಾನ್ವಿ ಒಂದು ಅಕ್ಷರ ಬಿಡದೆ, ನಮ್ಮ ಕರಾವಳಿಯವರು ಓದುವ ಹಾಗೆ, ಪ್ರತಿ ಶಬ್ದವನ್ನೂ ತೊಳೆದು ಇಟ್ಟಂತೆ ಓದಿದಳು.

ಅವಳ ಬೆನ್ನಿಗೇ ಬಂದದ್ದು ನೀಲವ್ವ. ಕುಷ್ಟಗಿ ಕಡೆಯವಳು. ಇಬ್ಬರೂ ಮೂರನೇ ಕ್ಲಾಸಿನಿಂದ ಒಂದೇ ಬೆಂಚಿನವರು, ಆಟಕ್ಕೂ ಊಟಕ್ಕೂ ಜೊತೆ. ನೀಲವ್ವ ಪುಸ್ತಕವನ್ನು ಮುಖದ ಹತ್ತಿರ ಹಿಡಿದು, ಯಾರಿಗೋ ಸುದ್ದಿ ಹೇಳುವವಳ ಹಾಗೆ ಓದಿದಳು: "ರೈತ ಬೆಳಗಾಗೂದ್ರಾಗ ಹೊಲಕ್ಕ ಹೊಕ್ಕಾನ. ಎತ್ತಿಗೆ ನೀರ್ ಕುಡಸ್ತಾನ."

"ಅಲ್ಲಿ ಹಾಗೆ ಉಂಟಾ?" ಎಂದರು ಸರ್. "ಇದ್ದದ್ದನ್ನು ಇದ್ದ ಹಾಗೆ ಓದು."

ಅವಳು ಮತ್ತೆ ನೋಡಿದಳು. "ಹೌದ್ರಿ ಸರ, ಹೊಕ್ಕಾನ," ಎಂದಳು. ಕ್ಲಾಸಿಡೀ ನಕ್ಕಿತು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಅವಳಿಗೆ ಬಾಯಿಯೇ ಕಟ್ಟಿಹೋಯಿತು.

ಅವಳಿಗೆ ಓದಲು ಬರುತ್ತದೆ ಎಂದು ನನಗೆ ಆಗಲೇ ಅನ್ನಿಸಿತ್ತು. ಬರದವರು ಅಕ್ಷರ ಕೂಡಿಸಿ ಕೂಡಿಸಿ ನಿಲ್ಲುತ್ತಾರೆ. ಇವಳು ವಾಕ್ಯವನ್ನು ಕಣ್ಣಿನಿಂದ ಎತ್ತಿ, ಅರ್ಥ ಮಾಡಿಕೊಂಡು, ತನ್ನ ಅವ್ವನ ಬಾಯಿಯ ಮಾತಿನಲ್ಲಿ ಹೊರಗಿಟ್ಟಿದ್ದಳು. ಸರ್ ಹೋದ ಮೇಲೆ ಸಾನ್ವಿಯನ್ನು ಕೇಳಿದೆ: "ಹೊಲ ಅಂದರೆ ಎಂತ?" ಅವಳು ಜಡೆಯ ತುದಿ ಕಚ್ಚಿಕೊಂಡು ಯೋಚಿಸಿ, "ಗೊತ್ತಿಲ್ಲ ಟೀಚರ್," ಎಂದಳು. ಅವಳ ತಪ್ಪಲ್ಲ. ನಮ್ಮಲ್ಲಿ ಇರುವುದು ಗದ್ದೆ. ಹೊಲ ಅವಳು ನೋಡಿಯೇ ಇಲ್ಲ. ಆದರೆ ಓದಿ ಅರ್ಥವಾಗದವಳು ಮೇಲಿನ ಗುಂಪಿಗೆ ಹೋದಳು, ಅರ್ಥವಾದವಳು ಕೆಳಗಿನ ಗುಂಪಿಗೆ.

ಹೆಸರು ಇಟ್ಟವರೂ ಸರ್. "ಟೀಚರ್, ನಿಮ್ಮೂರಿನ ಹೂವೇ ಮೊದಲು ಇರಲಿ," ಎಂದು ಪ್ರೀತಿಯಿಂದಲೇ ಹೇಳಿ ಮೊದಲ ಗುಂಪಿಗೆ ಮಲ್ಲಿಗೆ ಎಂದು ಬರೆದರು. ಎರಡನೆಯದು ಸೇವಂತಿಗೆ. ಮೂರನೆಯದು ತುಂಬೆ. ಮಲ್ಲಿಗೆಯವರಿಗೆ ಕರಿಹಲಗೆಯ ಎದುರಿನ ಬೆಂಚುಗಳು. ತುಂಬೆಯವರಿಗೆ ಹಿಂಬಾಗಿಲ ಬಳಿ. ಅಲ್ಲಿ ಎರಚಲು ಹೊಡೆಯುತ್ತಿತ್ತು, ಕೊಡೆಗಳೆಲ್ಲ ಅಲ್ಲೇ ಒರಗಿ ನೀರಿಳಿಸುತ್ತಿದ್ದವು. ತುಂಬೆಯಲ್ಲಿ ಕೂತ ಮಕ್ಕಳಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಶೆಡ್ಡುಗಳಿಂದ ಬಂದವರು. ಯಾರೂ ಬೇಕೆಂದು ಮಾಡಿದ್ದಲ್ಲ, ತನ್ನಷ್ಟಕ್ಕೆ ಆದದ್ದು ಎಂದು ಆಮೇಲೆ ಎಲ್ಲರೂ ಹೇಳಿದರು. ತನ್ನಷ್ಟಕ್ಕೆ ಆಗುವ ಅನ್ಯಾಯಕ್ಕೆ ಯಾರನ್ನು ಹಿಡಿದು ಕೇಳುವುದು!

ಮಕ್ಕಳನ್ನು ಗುಂಪು ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಣ್ಣ ತರಗತಿಗಳ ನಲಿ-ಕಲಿಯಲ್ಲೂ ಗುಂಪುಗಳಿವೆ; ಆದರೆ ಅಲ್ಲಿ ಒಂದು ಹಂತ ಕಲಿತ ಮಗು ಎದ್ದು ಮುಂದಿನ ಗುಂಪಿಗೆ ಸರಿಯುತ್ತದೆ. ಭಾಗಾಕಾರ ಬಾರದ ನಾಲ್ಕು ಮಕ್ಕಳನ್ನು ಒಂದು ವಾರ ಬದಿಗೆ ಕೂರಿಸಿ ಹೇಳಿಕೊಟ್ಟು ಮತ್ತೆ ಎಲ್ಲರ ಜೊತೆ ಬಿಡುವುದು ಬೇರೆ. ಜೂನಿನಲ್ಲಿ ಒಂದು ಪುಟ ಓದಿಸಿ ಮಾರ್ಚಿನವರೆಗೆ ಒಂದೇ ಜಾಗದಲ್ಲಿ ಕೂರಿಸುವುದು ಬೇರೆ. ಅದು ಕಲಿಸುವುದಲ್ಲ, ಗುರುತು ಹಾಕುವುದು.

ಆ ಮಳೆಗಾಲ ನಾನು ಕಣ್ಣಾರೆ ನೋಡಿದೆ. ಮಲ್ಲಿಗೆಗೆ ಪಾಠ, ಪ್ರಶ್ನೆ, ಕತೆ. ಸೇವಂತಿಗೆಗೆ ಅದರಲ್ಲಿ ಅರ್ಧ. ತುಂಬೆಗೆ ಕಾಗುಣಿತ. ಸರ್ ಮಾಡಿಕೊಟ್ಟ ಕ್ರಮ ಹಾಗಿತ್ತು. ಹೊಸಬಳಾದ ನಾನು ಅದನ್ನೇ ನಡೆಸಿದೆ. ಮುಂದಿನವರಿಗೆ ಪಾಠ ಹೇಳುವಾಗ ಹಿಂದಿನವರು ಕಕಾ ಕಿಕೀ ಬರೆಯುತ್ತಿದ್ದರು. ಆಷಾಢ ಮುಗಿಯುವಷ್ಟರಲ್ಲಿ ಮಲ್ಲಿಗೆಯವರು ಪುಸ್ತಕದಲ್ಲಿ ಎಲ್ಲಿಯೋ ಇದ್ದರು, ತುಂಬೆಯವರು ಇದ್ದಲ್ಲೇ. ಮಧ್ಯೆ ಅಂತರ ಬೆಳೆಯಿತು. ಸರ್ ಬಂದು ನೋಡಿ, "ನೋಡಿದಿರಾ ಟೀಚರ್, ಎಷ್ಟು ವ್ಯತ್ಯಾಸ ಉಂಟು! ಗುಂಪು ಮಾಡದಿದ್ದರೆ ಇವರ ಜೊತೆ ಅವರೂ ಹಿಂದೆ ಬೀಳುತ್ತಿದ್ದರು," ಎಂದರು. ಗುಂಪು ಮಾಡಿ ಅಂತರ ಹುಟ್ಟಿಸಿದ್ದು ನಾವು. ಆ ಅಂತರವನ್ನೇ ತೋರಿಸಿ ಗುಂಪು ಸರಿ ಎಂದದ್ದೂ ನಾವು.

ಮಕ್ಕಳಿಗೆ ಗೊತ್ತಾಗುವುದಿಲ್ಲವಂತೆ! ಒಂದು ದಿನ ನಾನು ಎಲ್ಲರಿಗೂ ಒಂದು ಸುಲಭದ ಪ್ರಶ್ನೆ ಹಾಕಿ ನೀಲವ್ವನ ಕಡೆ ಕೈ ತೋರಿಸಿದೆ. ಅವಳು ಏಳುವ ಮೊದಲೇ ಮುಂದಿನಿಂದ ಒಬ್ಬ, "ಟೀಚರ್, ಅವಳು ತುಂಬೆ," ಎಂದ. ಕುಚೋದ್ಯವೂ ಇಲ್ಲ, ಸಿಟ್ಟೂ ಇಲ್ಲ. ನಾನು ತಪ್ಪಿ ಅವಳನ್ನು ಕೇಳಿದೆನೇನೋ ಎಂದು ನನ್ನನ್ನು ತಿದ್ದಿದ, ಅಷ್ಟೆ. ನೀಲವ್ವ ಅರ್ಧ ಎದ್ದವಳು ಕೂತುಬಿಟ್ಟಳು. ಊಟದ ಸಾಲಿನಲ್ಲೂ ಮಲ್ಲಿಗೆ ಮುಂದೆ, ತುಂಬೆ ಹಿಂದೆ. ಹಾಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಅಂಗಳದಲ್ಲಿ ಜಗಳವಾದರೆ ಬೈಗುಳಕ್ಕೂ ಒಂದು ಹೊಸ ಶಬ್ದ ಸಿಕ್ಕಿತ್ತು.

ಸಾನ್ವಿ ಮತ್ತು ನೀಲವ್ವ ಮೊದಮೊದಲು ಊಟದ ಹೊತ್ತಿಗೆ ಒಬ್ಬರನ್ನೊಬ್ಬರು ಹುಡುಕುತ್ತಿದ್ದರು. ಆಮೇಲೆ ಸಾನ್ವಿ ಮಲ್ಲಿಗೆಯವರ ಜೊತೆ ಕೂತುಕೊಳ್ಳತೊಡಗಿದಳು. ಅವಳನ್ನು ಬೈದು ಪ್ರಯೋಜನವಿಲ್ಲ. ಸಣ್ಣ ಪರೀಕ್ಷೆ ಇದ್ದ ದಿನ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. "ಕಡಿಮೆ ಬಂದರೆ ಸೇವಂತಿಗೆಗೆ ಹಾಕುತ್ತೀರಾ ಟೀಚರ್?" ಎಂದು ಒಮ್ಮೆ ನನ್ನ ಸೆರಗು ಹಿಡಿದು ಕೇಳಿದಳು. ಮೇಲಿನವರಿಗೆ ಬೀಳುವ ಹೆದರಿಕೆ, ಕೆಳಗಿನವರಿಗೆ ಏಳುವ ಆಸೆಯೇ ಇಲ್ಲ. ಕಲಿಯುವುದೆಂಬುದು ಈ ಎರಡರ ನಡುವೆ ಎಲ್ಲಿಗೆ ಹೋಯಿತು?

ಸ್ವಾತಂತ್ರ್ಯ ದಿನಾಚರಣೆ ಮುಗಿದ ಮೇಲೆ ಸದಾಶಿವ ಸರ್‌ಗೆ ಇಲಾಖೆಯ ಕೆಲಸಗಳು ಜಾಸ್ತಿಯಾದವು. ದಿನಕ್ಕೊಂದು ಮೀಟಿಂಗ್. ನಾನು ಕ್ಲಾಸಿನ ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ, ಚಾಪೆ ಹಾಸಿ, ನಾಲ್ಕು ನಾಲ್ಕು ಜನರನ್ನು ವೃತ್ತವಾಗಿ ಕೂರಿಸಿದೆ. ಪ್ರತಿ ವೃತ್ತದಲ್ಲೂ ಮೂರೂ ಹೂವಿನವರು. ಸಾನ್ವಿ ಮತ್ತು ನೀಲವ್ವ ಒಂದೇ ಕಡೆ.

ಮೊದಲ ವಾರ ಪೂರ್ತಿ ಗಲಾಟೆ. ಮಲ್ಲಿಗೆಯವರು ಕಾಗದ ಎಳೆದುಕೊಂಡು ಎಲ್ಲವನ್ನೂ ತಾವೇ ಬರೆದರು, ತುಂಬೆಯವರು ಕೈಕಟ್ಟಿ ನೋಡಿದರು. ಬರಿದೇ ಬೆರೆಸಿ ಕೂರಿಸಿದರೆ ಆಗುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಒಬ್ಬರಿಂದ ಆಗದ ಕೆಲಸ ಕೊಡಬೇಕು. ಹಾಗೆ ನಾನು ಮತ್ತೆ ಅದೇ ರೈತನ ಪುಟ ತೆಗೆದೆ. "ಒಬ್ಬರು ಓದಬೇಕು, ಇನ್ನೊಬ್ಬರು ಅದು ಎಂತ ಅಂತ ಹೇಳಬೇಕು, ಮತ್ತೊಬ್ಬರು ಚಿತ್ರ ಬರೆಯಬೇಕು, ಕೊನೆಯವರು ಚಿತ್ರದ ಕೆಳಗೆ ಬರೆಯಬೇಕು. ದಿನಾ ಕೆಲಸ ಬದಲಾಗಬೇಕು," ಎಂದೆ.

ಸಾನ್ವಿ ಓದಿದಳು. "ಹೊಲಕ್ಕೆ ಹೋಗುತ್ತಾನೆ. ಹೊಲ ಅಂದರೆ ಎಂತ ಮಾರಾಯ್ತಿ?"

"ಹೊಲ ಗೊತ್ತಿಲ್ಲೇನ ನಿನಗ?" ನೀಲವ್ವನಿಗೆ ನಂಬಿಕೆಯೇ ಬರಲಿಲ್ಲ. "ಕರೀ ಮಣ್ಣು ಇರ್ತೈತಲ್ಲ, ಎಲ್ಲಿ ಮಟ ನೋಡಿದ್ರೂ ಅದ. ನಿಮ್ಮ ಗದ್ದಿ ಹಂಗ ನೀರು ನಿಂದ್ರಂಗಿಲ್ಲ. ಜ್ವಾಳ ಹಾಕ್ತಾರ."

"ತೆಂಗಿನಮರ ಇಲ್ವಾ?"

"ಇಲ್ಲ. ಒಂದ ಬೇವಿನ ಗಿಡ."

ಇಡೀ ವೃತ್ತ ಅವಳ ಕಡೆ ವಾಲಿತು. ಹತ್ತಿರದ ವೃತ್ತದವರೂ ಬರೆಯುವುದನ್ನು ಬಿಟ್ಟು ತಿರುಗಿದರು. ಮಾರನೆಯ ದಿನ ಓದುವ ಸರದಿ ನೀಲವ್ವನದ್ದು. "ಹೊಕ್ಕಾನ" ಎಂದಳು. ಸಾನ್ವಿ ಬೆರಳಿಟ್ಟು ತೋರಿಸಿದಳು: "ಹೊಕ್ಕಾನ ಹೌದು. ಆದರೆ ಪುಸ್ತಕದಲ್ಲಿ ಅದನ್ನು 'ಹೋಗುತ್ತಾನೆ' ಅಂತ ಬರೆಯುದು. ಬರೆದ ಹಾಗೆ ಓದು, ಆಮೇಲೆ ನಿನ್ನ ಹಾಗೆ ಹೇಳು."

ಎರಡು ತಿಂಗಳು ನಾನು ಹೇಳಿಕೊಡಲಾಗದ್ದನ್ನು ಅವಳು ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು. ಆವತ್ತಿನಿಂದ ನೀಲವ್ವನಿಗೆ ಅದೊಂದು ಆಟ. ಪುಸ್ತಕದ್ದು ಒಮ್ಮೆ, ಮನೆಯದ್ದು ಒಮ್ಮೆ. ನವರಾತ್ರಿಯ ಹೊತ್ತಿಗೆ ಅವಳು ಯಾವ ಪುಟ ಕೊಟ್ಟರೂ ನಿಲ್ಲದೆ ಓದುತ್ತಿದ್ದಳು. ತುಂಬೆಯ ಉಳಿದವರಲ್ಲಿಯೂ ಹೆಚ್ಚಿನವರು ಒತ್ತಕ್ಷರ ದಾಟಿದರು. ಸಾನ್ವಿಯೂ ಬದಲಾದಳು. ಓದುವಾಗ ನಿಂತು, "ಹಾಗೆಂದರೆ ಎಂತ?" ಎಂದು ಕೇಳಲು ಕಲಿತಳು. ಹೊಟ್ಟೆನೋವಿನ ಸುದ್ದಿ ಮತ್ತೆ ಬರಲಿಲ್ಲ. ಆ ಎರಡು ತಿಂಗಳು ನಾನು ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಹೋದರೂ ದಣಿವು ಗೊತ್ತಾಗುತ್ತಿರಲಿಲ್ಲ.

ಅದನ್ನೆಲ್ಲ ಕೆಡವಿದ್ದು ಒಂದು 'ರೀ'.

ಮಕ್ಕಳು ಒಬ್ಬರ ಮಾತನ್ನು ಒಬ್ಬರು ಎತ್ತಿಕೊಳ್ಳುತ್ತಾರೆ. ನೀಲವ್ವ "ಎಂತ ಮಾರಾಯ್ತಿ" ಎನ್ನತೊಡಗಿದ ಹಾಗೆ ಸಾನ್ವಿಗೆ "ಹೌದ್ರಿ", "ಇಲ್ರಿ" ಅಂಟಿಕೊಂಡಿತು. ಒಂದು ದಿನ ಮನೆಯಲ್ಲಿ ಅಜ್ಜಿ ಊಟಕ್ಕೆ ಕರೆದಾಗ, "ಬರ್ತೀನ್ರಿ, ತಡೀರಿ," ಎಂದಳಂತೆ. ಮಾರನೆಯ ಬೆಳಿಗ್ಗೆ ಶಾಲಿನಿ ಹೆಡ್‌ಮಾಸ್ಟ್ರ ಕೋಣೆಯಲ್ಲಿದ್ದರು. ನನಗೆ ಕರೆ ಬಂತು.

"ಎಂತ ಟೀಚರ್ ಇದು?" ಎಂದರು ಶಾಲಿನಿ. "ನಾವು ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕದೆ ಇಲ್ಲಿಗೆ ಕಳಿಸುವುದು ಕನ್ನಡವಾದರೂ ಶುದ್ಧ ಬರಲಿ ಅಂತ. ಇದ್ದ ಕನ್ನಡವೂ ಹಾಳಾಯಿತಲ್ಲ! ಅವಳನ್ನು ಶೆಡ್ಡಿನ ಮಕ್ಕಳ ಜೊತೆ ಚಾಪೆಯಲ್ಲಿ ಕೂರಿಸಿದ್ದೀರಂತೆ?"

"ಅವಳು ಮೊದಲಿಗಿಂತ ಚೆನ್ನಾಗಿ ಓದುತ್ತಾಳೆ ಅಕ್ಕ. ಒಮ್ಮೆ ಕೂತು ಕೇಳಿ."

"ಅವಳು ಮೊದಲೂ ಚೆನ್ನಾಗಿ ಓದುತ್ತಿದ್ದಳು. ಇನ್ನೊಬ್ಬರಿಗೆ ಕಲಿಸಲಿಕ್ಕೆ ನಾನು ಅವಳನ್ನು ಶಾಲೆಗೆ ಕಳಿಸುವುದಲ್ಲ. ಅದಕ್ಕೆ ನೀವಿದ್ದೀರಿ. ಹೀಗೇ ಆದರೆ ನಾವು ಬೇರೆ ಶಾಲೆ ನೋಡಬೇಕಾದೀತು. ನಾನೊಬ್ಬಳೇ ಅಲ್ಲ, ಇನ್ನೂ ನಾಲ್ಕು ಮನೆಯವರಿದ್ದಾರೆ."

ಅವರು ಹೋದ ಮೇಲೆ ಸದಾಶಿವ ಸರ್ ಬಹಳ ಹೊತ್ತು ಮೇಜಿನ ಗಾಜು ಒರೆಸಿದರು.

"ಗುಂಪು ಮೊದಲಿನ ಹಾಗೆ ಮಾಡಿ ಟೀಚರ್."

"ಆಗುವುದಿಲ್ಲ ಸರ್."

"ನೀವು ಗೆಸ್ಟ್ ಟೀಚರ್. ಮಾರ್ಚಿಗೆ ಹೋಗುತ್ತೀರಿ. ಐದು ಮಕ್ಕಳು ಬಿಟ್ಟು ಹೋದರೆ ಈ ಶಾಲೆಯ ಗತಿ ಎಂತ, ನಿಮಗೆ ಗೊತ್ತುಂಟಾ?"

"ಸರ್, ನಿಮ್ಮ ಮನೆಮಾತು ತುಳು. ನನ್ನದು ಕೊಂಕಣಿ. ನಾವಿಬ್ಬರೂ ಕನ್ನಡವನ್ನು ಶಾಲೆಯಲ್ಲಿ ಕಲಿತವರು. ತೊಟ್ಟಿಲಲ್ಲಿ ಕನ್ನಡ ಕೇಳಿ ಬೆಳೆದವಳು ಆ ಕ್ಲಾಸಿನಲ್ಲಿ ನೀಲವ್ವ. ನಾವಿಬ್ಬರು ಸೇರಿ ಅವಳಿಗೆ ಕನ್ನಡ ಬರುವುದಿಲ್ಲ ಅಂತ ಹಿಂದೆ ಕೂರಿಸಿದ್ದೇವೆ. ನಾಚಿಕೆ ಆಗುವುದಿಲ್ವಾ ನಮಗೆ?"

ನನ್ನ ಸ್ವರ ವರಾಂಡದವರೆಗೆ ಹೋಗಿರಬೇಕು. ಅಡುಗೆಯ ಅಕ್ಕ ಇಣುಕಿ ನೋಡಿ ಹೋದಳು. ಸರ್ ಮಾತ್ರ ಸ್ವರ ಏರಿಸಲಿಲ್ಲ. "ಪರೀಕ್ಷೆಯಲ್ಲಿ ಕೇಳುವುದು ಪುಸ್ತಕದ ಕನ್ನಡ, ತೊಟ್ಟಿಲ ಕನ್ನಡ ಅಲ್ಲ," ಎಂದರು. ಆ ಕನ್ನಡವೂ ಈಗ ಅವಳಿಗೆ ಬರುತ್ತದೆ, ಬಂದು ಓದಿಸಿ ನೋಡಿ ಎಂದೆ. ನೋಡುವ ಎಂದರು. ಓದಿಸಲಿಲ್ಲ. ಓದಿಸಿದ್ದರೆ ಗುಂಪು ತಪ್ಪೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಒಂದು ಮಗುವಿನ ಒಂದು ಪುಟದ ಓದಿಗೆ ಹೆದರಿದ ಶಾಲೆ ಅದು.

ದೀಪಾವಳಿ ರಜೆ ಮುಗಿದು ಬಂದ ದಿನ ಅವರೇ ಕ್ಲಾಸಿಗೆ ಬಂದರು. ಚಾಪೆಗಳನ್ನು ಸುತ್ತಿಸಿ, ಬೆಂಚುಗಳನ್ನು ಎಳೆಸಿ, ಮಕ್ಕಳ ಚೀಲಗಳನ್ನು ತಮ್ಮ ಕೈಯಲ್ಲೇ ಎತ್ತಿ ಹಳೆಯ ಜಾಗಗಳಿಗೆ ಇಟ್ಟರು. ನಾನು ಬಾಗಿಲಲ್ಲಿ ನಿಂತು, "ಇದು ತಪ್ಪು ಸರ್, ಮಕ್ಕಳ ಎದುರೇ ಹೇಳುತ್ತಿದ್ದೇನೆ, ಇದು ತಪ್ಪು," ಎಂದೆ. ಅವರು ಕೇಳಿಸದವರ ಹಾಗೆ ಮುಂದಿನ ಚೀಲ ಎತ್ತಿದರು. ನೀಲವ್ವನ ಚೀಲದ ಒಂದು ಪಟ್ಟಿ ಹರಿದಿತ್ತು. ಅದನ್ನು ಅವರು ಜಾಗ್ರತೆಯಿಂದ, ಕೆಳಗೆ ಬೀಳದಂತೆ ಹಿಡಿದುಕೊಂಡು ಹೋಗಿ ಹಿಂಬಾಗಿಲ ಬಳಿ ಇಟ್ಟರು. ಆ ಜಾಗ್ರತೆ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಸಾನ್ವಿ ತಲೆ ಎತ್ತಲಿಲ್ಲ. ನೀಲವ್ವ ಮಾತ್ರ ನನ್ನ ಮುಖ ನೋಡುತ್ತಿದ್ದಳು. ಟೀಚರ್ ಏನಾದರೂ ಮಾಡುತ್ತಾರೆ ಎಂದು ಕಾಯುತ್ತಿದ್ದಳೋ ಏನೋ. ಆ ವಾರವೇ ನಾನು ಶಿಕ್ಷಣ ಇಲಾಖೆಯ ಕಚೇರಿಗೂ ಹೋಗಿ ಬಂದೆ. ಅಲ್ಲಿದ್ದವರು, "ಅದು ಹೆಡ್‌ಮಾಸ್ಟ್ರು ನೋಡಿಕೊಳ್ಳುವ ವಿಷಯ ಮೇಡಂ. ಫಲಿತಾಂಶ ಒಳ್ಳೆಯದು ಬಂದರೆ ಆಯಿತಲ್ವಾ?" ಎಂದರು.

ಮೊದಲ ಸಲ ಜೂನಿನಲ್ಲಿ ಹಿಂದೆ ಹೋದಾಗ ಆ ಮಕ್ಕಳಿಗೆ ಏನೂ ಗೊತ್ತಿರಲಿಲ್ಲ. ಎರಡನೆಯ ಸಲ ಎಲ್ಲ ಗೊತ್ತಿತ್ತು. ತನಗೆ ಬರುತ್ತದೆ ಎಂದು ಗೊತ್ತಾದ ಮೇಲೂ ಹಿಂದೆ ಕಳಿಸಿದರೆ, ಮಗು ನಮ್ಮನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸುತ್ತದೆ. ನಾನು ದಿನದ ಮೊದಲ ಪಾಠವನ್ನು ಹಿಂಬಾಗಿಲ ಬಳಿ ನಿಂತೇ ಮಾಡಿದೆ, ಎಲ್ಲರಿಗೂ ಒಂದೇ ಪಾಠ ಹೇಳಿದೆ. ಆದರೂ ನೀಲವ್ವನ ಸ್ವರ ಸಣ್ಣದಾಗುತ್ತಾ ಬಂತು. ಡಿಸೆಂಬರಿನಲ್ಲಿ ಓದು ಎಂದರೆ, "ಬರಂಗಿಲ್ರಿ ಟೀಚರ್," ಎನ್ನುತ್ತಿದ್ದಳು. ನಾನು ಅವಳೇ ಓದಿದ್ದ ಪುಟವನ್ನು ತೋರಿಸಿದರೆ ಅದನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಕಡೆಯ ರಸ್ತೆ ಕೆಲಸ ಮುಗಿಯಿತು. ನೀಲವ್ವನ ಅಪ್ಪನಿಗೆ ಪರ್ಕಳದಲ್ಲಿ ಕಟ್ಟಡದ ಕೆಲಸ ಸಿಕ್ಕಿತ್ತು. ವರ್ಗಾವಣೆ ಪತ್ರ ಕೇಳಲು ಅವಳ ತಾಯಿ ಯಮನವ್ವ ಬಂದಳು. ಕೈಗೆ ಸಿಮೆಂಟು ಮೆತ್ತಿ ಬಿರುಕು ಬಿಟ್ಟಿತ್ತು. ವರಾಂಡದಲ್ಲಿ ನನ್ನನ್ನು ಕಂಡು ಹತ್ತಿರ ಬಂದು ಸಣ್ಣ ಸ್ವರದಲ್ಲಿ ಕೇಳಿದಳು:

"ಟೀಚರ, ಅಲ್ಲಿ ಹೋಗಿ ಮತ್ತ ಸಾಲಿಗೆ ಹಚ್ಚಲೋ ಬ್ಯಾಡೋ? ಆಕಿ ಒಲ್ಲೆ ಅಂತಾಳ. ನನಗ ತಲಿ ಇಲ್ಲಬೇ, ನಾ ತುಂಬಿ ಅದೀನಿ ಅಂತ ಅಳ್ತಾಳ್ರಿ. ತುಂಬಿ ಅಂದ್ರ ತುಂಬಿ ಹೂವಲ್ಲೇನ್ರಿ? ನಮ್ಮ ಕಡೆ ಅದನ್ನ ಶಿವಗ ಏರಸ್ತೀವ್ರಿ. ಎಲ್ಲಾ ಹೂವಿನಾಗ ಶಿವಗ ಅದ ಬೇಕು ಅಂತಾರ. ಅದರಾಗ ಅಳೂದೇನೈತ್ರಿ?"

ಶಿವನಿಗೆ ಏರಿಸುವ ಹೂವನ್ನು ನಾವು ಬೈಗುಳ ಮಾಡಿದ್ದೇವೆ ಎನ್ನಲೇ? "ಅವಳಿಗೆ ತಲೆ ಉಂಟು ಅಕ್ಕ. ಶಾಲೆ ಬಿಡಿಸಬೇಡಿ. ನಾನೇ ಬಂದು ಸೇರಿಸುತ್ತೇನೆ," ಎಂದೆ. ಯಮನವ್ವ ನಂಬಲಿಲ್ಲ ಎಂದು ಅವಳ ಮುಖದಲ್ಲೇ ಕಂಡಿತು. ಆದರೂ ತಲೆಯಾಡಿಸಿದಳು.

ಮಾರ್ಚಿನಲ್ಲಿ ಶಾಲೆಯ ಫಲಿತಾಂಶ ಚೆನ್ನಾಗಿಯೇ ಬಂತು. ಸದಾಶಿವ ಸರ್ ಸಭೆಯಲ್ಲಿ ನನ್ನ ಹೆಸರನ್ನೂ ಹೇಳಿ ಹೊಗಳಿ, ಶಾಲು ಹೊದೆಸಿದರು. ನಾನು ಅದನ್ನು ಮಡಚಿ ಅವರ ಮೇಜಿನ ಮೇಲೆ ಇಟ್ಟು ಬಂದೆ. ಮುಂದಿನ ವರ್ಷಕ್ಕೆ ಅವರು ಕರೆಯಲಿಲ್ಲ, ನಾನು ಕೇಳಲೂ ಇಲ್ಲ. ಸಾನ್ವಿ ಐದನೆಯ ಕ್ಲಾಸಿಗೆ ಹಳದಿ ಬಸ್ಸು ಹತ್ತಿದಳಂತೆ. ಯಾರನ್ನು ಉಳಿಸಿಕೊಳ್ಳಲು ಅಷ್ಟೆಲ್ಲ ಮಾಡಿದರೋ ಅವರೇ ಉಳಿಯಲಿಲ್ಲ. ಯಮನವ್ವನ ಬಳಿ ನನ್ನ ಫೋನ್ ನಂಬರ್ ಉಂಟು, ವರ್ಷಕ್ಕೊಮ್ಮೆ ಮಾತಾಡುತ್ತಾಳೆ. ನೀಲವ್ವ ಈಗ ಹೈಸ್ಕೂಲಿನಲ್ಲಿದ್ದಾಳೆ, ಪಾಸಾಗುತ್ತಾಳೆ. "ಸಾಲ್ಯಾಗ ಭಾಳ ಸುಮ್ನ ಇರ್ತಾಳಂತ್ರಿ," ಎನ್ನುತ್ತಾಳೆ ತಾಯಿ, ಅದು ಒಳ್ಳೆಯ ಗುಣವೆಂಬಂತೆ. ಹೊಲದ ಬಗ್ಗೆ ಹೇಳಿ ಒಂದು ಕ್ಲಾಸನ್ನೇ ತನ್ನ ಕಡೆ ತಿರುಗಿಸಿಕೊಂಡ ಹುಡುಗಿಯನ್ನು ಆ ಹೈಸ್ಕೂಲಿನವರು ಯಾರೂ ನೋಡಿಲ್ಲ.

ಅವಳನ್ನು ಪರ್ಕಳದ ಶಾಲೆಗೆ ಸೇರಿಸಿದ ಬೆಳಿಗ್ಗೆಯನ್ನು ಹೇಳಿ ಮುಗಿಸುತ್ತೇನೆ.

ಅರ್ಧ ದಿನ ರಜೆ ಹಾಕಿ ಉಡುಪಿಗೆ ಹೋಗಿ, ಅಲ್ಲಿ ಕಾಯುತ್ತಿದ್ದ ತಾಯಿ ಮಗಳನ್ನು ಕರೆದುಕೊಂಡು ಮಣಿಪಾಲ ದಾಟುವ ಬಸ್ಸು ಹತ್ತಿದೆ. ಪರ್ಕಳದಲ್ಲಿ ಇಳಿದರೆ ರಸ್ತೆಯೆಲ್ಲ ಅಗೆದು ಕೆಂಪು ಧೂಳು. ನೀಲವ್ವ ಹೊಸ ರಿಬ್ಬನ್ ಕಟ್ಟಿಕೊಂಡಿದ್ದಳು. ದಾರಿಯಲ್ಲಿ ಎಷ್ಟು ಮಾತಾಡಿಸಿದರೂ "ಹೂಂ" ಬಿಟ್ಟು ಬೇರೆ ಮಾತಿಲ್ಲ.

ಆ ಶಾಲೆಯ ಟೀಚರ್ ವಯಸ್ಸಾದವರು, ನಿವೃತ್ತಿಗೆ ಹತ್ತಿರವಿದ್ದವರು. ನಾನು ಗುಂಪಿನ ವಿಷಯ ಎತ್ತುವ ಮೊದಲೇ, "ನಮ್ಮಲ್ಲಿ ಹಾಗೆಲ್ಲ ಎಂತದೂ ಇಲ್ಲಮ್ಮ. ಜಾಗ ಇದ್ದಲ್ಲಿ ಕೂತುಕೊಳ್ಳುವುದು, ಎಲ್ಲರೂ ಒಟ್ಟಿಗೆ ಕಲಿಯುವುದು," ಎಂದು ನಕ್ಕು ನೀಲವ್ವನ ಬೆನ್ನ ಮೇಲೆ ಕೈಯಿಟ್ಟರು. "ಹೋಗು ಮಗಾ. ಎಲ್ಲಿ ಬೇಕಾದರೂ ಕೂತುಕೋ."

ಮೊದಲ ಬೆಂಚಿನಲ್ಲಿ ಕಿಟಕಿಯ ಪಕ್ಕದ ಜಾಗ ಖಾಲಿ ಇತ್ತು. ಅದರ ಹಿಂದಿನ ಬೆಂಚೂ ಖಾಲಿ. ಪಕ್ಕದಲ್ಲಿದ್ದ ಹುಡುಗಿ ಸರಿದು ಜಾಗವನ್ನೂ ಮಾಡಿಕೊಟ್ಟಳು. ನೀಲವ್ವ ಯಾರನ್ನೂ ನೋಡದೆ ಆ ಬೆಂಚುಗಳನ್ನೆಲ್ಲ ದಾಟಿಕೊಂಡು ನೇರ ಕೊನೆಗೆ ಹೋದಳು.

ಇನ್ನೊಬ್ಬರ ಕ್ಲಾಸೆಂಬುದನ್ನೂ ಮರೆತು ನಾನು ಒಳಗೆ ನುಗ್ಗಿದೆ. ಅವಳ ಚೀಲ ಎತ್ತಿಕೊಂಡು, ಕೈ ಹಿಡಿದು ಕರೆತಂದು ಮೊದಲ ಬೆಂಚಿನಲ್ಲಿ ಕೂರಿಸಿದೆ. "ಇದು ನಿನ್ನ ಜಾಗ," ಎಂದೆ.

"ಹೌದ್ರಿ," ಎಂದಳು ಅವಳು.

ಬಾಗಿಲಿನಿಂದ ತಿರುಗಿ ನೋಡಿದೆ. ಬೆಂಚಿನ ತೀರಾ ತುದಿಯಲ್ಲಿ ಅರ್ಧ ಕೂತಿದ್ದಳು. ಚೀಲವನ್ನು ಕೆಳಗಿಟ್ಟಿರಲಿಲ್ಲ. ಯಾರಾದರೂ ಬಂದು ಏಳು ಎಂದರೆ ತಡವಾಗಬಾರದೆಂದು ಅದನ್ನು ತೊಡೆಯ ಮೇಲೆಯೇ ಅವುಚಿ ಹಿಡಿದುಕೊಂಡಿದ್ದಳು.